ಬಾವುಟಗಾಲಿನ ನೊಣ

ನವೆಂಬರ್ 4, ಗ್ದಾನ್ಸ್ಕ್

ಮತ್ತೆ ಅದೇ ಕಲ್ಲು. ಒಂದು ತೊಟ್ಟು ಗ್ಲಿಸರಿನ್ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಹೊರಗೆ ಸಮುದ್ರದ ಗಾಳಿ, ಮೂರು ದಿನದಿಂದ ಸೂರ್ಯನ ಸುಳಿವಿಲ್ಲ. ಮರದ ಅಂಟು ಕಲ್ಲಾದ ಈ ಆಂಬರಿನ ಒಳಗೆ ಮಾತ್ರ ಬಿಸಿಲು. ಜೇನಿನ ಬಣ್ಣದ ಬಿಸಿಲು... ಅದರ ನಡುವೆ ಅವಳು. ಉದ್ದಗಾಲಿನ ನೊಣ. ಅಗಲ ಮುಖ ನೋಡಿದರೆ ಹೆಣ್ಣೇ. ಎಳ್ಳಿನಷ್ಟು ಮೈ. ರೆಕ್ಕೆಯ ನರವೊಂದು ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿದೆ. ಈ ಬಾಗು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಮ್ಯೂಸಿಯಮ್ಮಿನ ಡ್ರಾಯರುಗಳಲ್ಲೂ ಇಲ್ಲ.

ಹೊಸ ಜಾತಿ. ಅನುಮಾನವೇ ಇಲ್ಲ.

ಬರೆದುಬಿಟ್ಟೆ. ಅನುಮಾನ ಇದೆ. ಜಾತಿ ಖಚಿತವಾಗುವುದು ಬಾಲದ ತುದಿಯಿಂದ, ಅದೇ ಕಾಣುವುದಿಲ್ಲ. ಅಲ್ಲಿಂದ ಆಚೆಗೆಲ್ಲ ಹಾಲು ಚೆಲ್ಲಿದಂತೆ ಬಿಳಿ ಪೊರೆ. ಎಷ್ಟೋ ಹುಳಗಳಿಗೆ ಹೀಗೆ. ಅಂಟಿನಲ್ಲಿ ಮುಳುಗಿ ಸತ್ತ ಮೇಲೆ ಮೈಯಿಂದ ಹೊರಟ ಗಾಳಿ ನೊರೆಯಾಗಿ ನಿಂತುಬಿಡುತ್ತದೆ.

ನವೆಂಬರ್ 5

ಅಮ್ಮನ ಮನೆ. ಹುಳಿ ಸಾರು, ಬೇಯಿಸಿದ ಮೊಟ್ಟೆ. ಬಾಯಿ ತಡೆಯಲಿಲ್ಲ, ಹೇಳಿಬಿಟ್ಟೆ—ಹೊಸ ನೊಣಕ್ಕೆ ಅವಳ ಹೆಸರಿಡುತ್ತೇನೆಂದು.

"ನೊಣಕ್ಕೆ? ನನ್ ಹೆಸರು?" ಸೌಟು ಹಿಡಿದೇ ತಿರುಗಿದಳು. "ಮೂವತ್ತು ವರ್ಷ ಈ ಊರಲ್ಲಿ ಟ್ರಾಮ್ ಓಡಿಸಿದೀನಿ ಕಣೇ. ಒಂದು ಸ್ಟಾಪಿಗೂ ಬ್ರೋನಿಸ್ವಾವಾ ಅಂತ ಹೆಸರಿಡ್ಲಿಲ್ಲ ಯಾರೂ. ನೀನು ನೋಡಿದ್ರೆ ನೊಣ!"

"ನಾಲ್ಕು ಕೋಟಿ ವರ್ಷ ಹಳೇ ನೊಣ ಅಮ್ಮಾ."

"ಹಳೇದು ಅಂತ ಬೇರೆ. ನೋಡೋಕಾದ್ರೂ ಚೆನ್ನಾಗಿದಾಳಾ?"

"ಕಾಲು ಉದ್ದ. ಮೈಯೆಲ್ಲ ಹಸಿರು ಹೊಳಪು ಇದ್ದಿರ್ಬೇಕು."

ಬೈದಳು, ನಕ್ಕಳು. ಹೊರಡುವಾಗ ನೋಡುತ್ತೇನೆ, ಮೆಟ್ಟಿಲ ಬಳಿ ಕೆಳಗಿನ ಮನೆಯವಳಿಗೆ ಆಗಲೇ ಹೇಳುತ್ತಿದ್ದಾಳೆ.

ನವೆಂಬರ್ 8

ವಿಲ್ಗಾ ಮೇಷ್ಟ್ರಿಗೆ ಫೋನ್ ಮಾಡಿದೆ. ನನಗೆ ನೊಣ ನೋಡಲು ಕಲಿಸಿದವರು. ಈಗ ಊರಂಚಿನ ಓಲಿವಾದಲ್ಲಿ ಜೇನು ಸಾಕಿಕೊಂಡಿದ್ದಾರೆ. ನೊಣದ ಮಾತೆತ್ತಿದರೆ ಸಿಡುಕು. ಕಾರಣ ಇದೆ. ನಾನು ಹುಟ್ಟಿದ ವರ್ಷ ಅವರು ಆಂಬರಿನಲ್ಲಿ ಸಿಕ್ಕ ಒಂದು ಗಂಡು ನೊಣವನ್ನು ಹೊಸ ಜಾತಿಯೆಂದು ವರ್ಣಿಸಿದ್ದರು. ಮುಂಗಾಲಿನ ತುದಿಯಲ್ಲಿ ಎಲೆಯಂಥ ಅಗಲ ಬಾವುಟ. 'ಬಾವುಟ ಹೊತ್ತವನು' ಎಂದೇ ಲ್ಯಾಟಿನ್ನಿನಲ್ಲಿ ಹೆಸರಿಟ್ಟರು. ಸಿಕ್ಕಿದ್ದು ಅದೊಂದೇ, ರೆಕ್ಕೆಗಳೂ ಮುರುಟಿದ್ದವು. ಬಾವುಟವಲ್ಲ, ಬೂಷ್ಟು ಹಿಡಿದಿದೆ ಎಂದರು ಹೊರದೇಶದ ಪಂಡಿತರು. ಜಾತಿಯನ್ನು ಸಂಶಯದ ಪಟ್ಟಿಗೆ ತಳ್ಳಿದರು. ಮೇಷ್ಟ್ರು ಆಮೇಲೆ ಒಂದು ನೊಣಕ್ಕೂ ಹೆಸರಿಡಲಿಲ್ಲ.

"ಬಾಲ ನೋಡಿದ್ಯಾ?" ಅಂದರು.

"ಪೊರೆ ಇದೆ ಮೇಷ್ಟ್ರೇ. ಉಜ್ಜಬೇಕು. ಪಕ್ಕದಲ್ಲೇ ಬಿರುಕು."

"ಹಾಗಾದ್ರೆ ಹೆಸರಿಡಬೇಡ. ಅರ್ಧ ನೋಡಿ ಹೆಸರಿಟ್ಟೋರ ಗತಿ ಏನಾಗತ್ತೆ ಅಂತ ನನ್ನನ್ನ ನೋಡಿ ಕಲಿ." ಫೋನ್ ಇಟ್ಟೇಬಿಟ್ಟರು.

ನವೆಂಬರ್ 9

ಫೋಟೋ ತೆಗೆಯುವ ರಾದೋಶ್‌ನಿಗೆ ಬಿರುಕು ತೋರಿಸಿದೆ. ಕೂದಲೆಳೆಯಷ್ಟು. ಒಳಗೆ ನೊಣದ ಕಡೆಗೇ ಹೋಗಿದೆ.

"ಮುಟ್ಟಬೇಡ ಮಾರಾಯ್ತಿ. ರೆಕ್ಕೆ ಸಾಕು, ಪ್ರಿಂಟಿಗೆ ಕಳಿಸು. ಕಲ್ಲು ಎರಡು ಹೋಳಾದ್ರೆ ಕೈಯಲ್ಲಿ ಏನು ಉಳಿಯತ್ತೆ? ಪುಡಿ."

ಅವನ ಮಾತೂ ಸರಿ.

ನವೆಂಬರ್ 26

ಇಷ್ಟು ದಿನ ಬರೆಯಲಿಲ್ಲ. ಬರೆಯುವುದೇನಿತ್ತು—ಕಲ್ಲು ತೆಗೆಯುವುದು, ನೋಡುವುದು, ಒಳಗಿಡುವುದು. ಇವತ್ತು ಬೆಳಿಗ್ಗೆ ಕೂತುಬಿಟ್ಟೆ. ನೀರಿನಲ್ಲಿ ನೆನೆಸಿದ ನುಣುಪು ಮರಳು ಕಾಗದ, ಆಮೇಲೆ ಚರ್ಮದ ತುಂಡು. ನಾಲ್ಕು ಸಲ ಉಜ್ಜು, ಒಮ್ಮೆ ನೋಡು. ಉಜ್ಜಿದಂತೆ ಪೈನ್ ಮರದ ವಾಸನೆ ಏಳುತ್ತದೆ. ಮನುಷ್ಯರು ಯಾರೂ ಕಾಣದ ಕಾಡು, ನನ್ನ ಬೆರಳಿಗೆ ಅದರ ವಾಸನೆ... ಎಷ್ಟು ಸಲವಾದರೂ ಮೈ ಜುಮ್ಮೆನ್ನುವುದು ನಿಂತಿಲ್ಲ.

ಮಧ್ಯಾಹ್ನ ಬಿರುಕು ಟಿಕ್ ಎಂದಿತು. ಕಾಗದ ಕೆಳಗಿಟ್ಟು ಲೆನ್ಸಿನಲ್ಲಿ ನೋಡಿದೆ. ಕಲ್ಲು ಒಡೆದಿರಲಿಲ್ಲ.

ಇನ್ನೊಂದು ಸುತ್ತು. ಪೊರೆಯ ಅಂಚು ಕರಗಿ ಏನೋ ಕಪ್ಪಗೆ ಕಂಡಿತು. ಕಸವೆಂದುಕೊಂಡೆ. ಫೋಕಸ್ ತಿರುಗಿಸಿದೆ.

ಕಾಲು. ಅವಳದಲ್ಲ.

ತುದಿಯಲ್ಲಿ ಎಲೆಯಂಥ ಬಾವುಟ.

ಅವನು ಅವಳ ಹಿಂದೆಯೇ, ಅವಳ ಕಡೆಗೇ ಮುಖ ಮಾಡಿ ಇದ್ದಾನೆ. ಇಷ್ಟು ದಿನವೂ ಅಲ್ಲೇ ಇದ್ದ. ಬಾಲ ಮುಂದಕ್ಕೆ ಬಾಗಿ ಅವಳ ಬಾಲಕ್ಕೆ ಕೂಡಿದೆ, ಬಿಟ್ಟಿಲ್ಲ. ಅಂಟು ಮೇಲೆ ಇಳಿಯುವಾಗಲೂ ಬಿಟ್ಟಿಲ್ಲ. ಬಾವುಟದ ಕಾಲು ಪೊರೆಯೊಳಗೇ ಮುಂದೆ ಚಾಚಿ ಅವಳ ಕಣ್ಣಿನ ಕಡೆಗೆ ನಿಂತಿದೆ. ಅವನ ರೆಕ್ಕೆಯಲ್ಲೂ ಅದೇ ಕೊಕ್ಕೆ ನರ.

ಯಾರನ್ನೂ ಕರೆಯಲಿಲ್ಲ. ಸುಮ್ಮನೆ ನೋಡಿದೆ. ಕಣ್ಣಲ್ಲಿ ನೀರು ಬಂದು ಲೆನ್ಸ್ ಮಸುಕಾಯಿತು, ಒರೆಸಿಕೊಂಡು ಮತ್ತೆ ನೋಡಿದೆ.

ಸಂಜೆ

ಮ್ಯೂಸಿಯಮ್ಮಿನ ಡ್ರಾಯರಿನಿಂದ ಮೇಷ್ಟ್ರ ಗಂಡು ನೊಣದ ಹಳೆಯ ಕಲ್ಲು ತೆಗೆದು ಪಕ್ಕದಲ್ಲಿಟ್ಟೆ. ಅದೇ ಬಾವುಟ, ಅಂಚಿನಲ್ಲಿ ಅದೇ ಕಚ್ಚು. ಬೂಷ್ಟಲ್ಲ. ಎಂದೂ ಆಗಿರಲಿಲ್ಲ.

ಅಂದರೆ ನನ್ನ ನೊಣ ಹೊಸದಲ್ಲ. ಅವನ ಜಾತಿಯ ಹೆಣ್ಣು. ಮೊದಲು ಇಟ್ಟ ಹೆಸರೇ ನಿಲ್ಲುವುದು ನಿಯಮ. ಅಮ್ಮನ ಹೆಸರಿಗೆ ಜಾಗವಿಲ್ಲ. ಬಿರುಕಿಗೆ ಹೆದರಿ ನಿಲ್ಲಿಸಿದ್ದರೆ ಇರುತ್ತಿತ್ತು... ಆದರೆ ಅವನನ್ನು ನೋಡದೆ ಇರುತ್ತಿದ್ದೆನಲ್ಲ!

ನವೆಂಬರ್ 27

ಲ್ಯಾಪ್‌ಟಾಪ್ ಹಿಡಿದು ಓಲಿವಾಗೆ ಹೋದೆ. ಮೇಷ್ಟ್ರು ಜೇನುಪೆಟ್ಟಿಗೆಗಳಿಗೆ ಚಳಿಗಾಲದ ಹುಲ್ಲು ಹೊದೆಸುತ್ತಿದ್ದರು. ಒಳಗೆ ಕರೆಯಲೇ ಇಲ್ಲ. ಬೇಲಿಯ ಕಂಬದ ಮೇಲೆಯೇ ಪರದೆ ತೆರೆದು ತೋರಿಸಿದೆ.

ಕನ್ನಡಕ ತೆಗೆದರು, ಹಾಕಿದರು. ಬೆರಳು ಪರದೆಯ ಹತ್ತಿರ ಹೋಗಿ ಮುಟ್ಟದೆ ನಿಂತಿತು.

"ಬೀಸ್ತಾ ಇದಾನೆ," ಅಂದರು.

"ಹೌದು ಮೇಷ್ಟ್ರೇ."

"ಅವಳಿಗೆ ಕಾಣ್ಲಿ ಅಂತ."

"ಹೌದು."

"ನಾನು ಅವಳನ್ನ ಯೋಚನೆ ಮಾಡಿರ್ಲೇ ಇಲ್ಲ ನೋಡು. ಬಾವುಟ ನಿಜವಾ ಸುಳ್ಳಾ ಅಂತ ಎಲ್ಲರ ಹತ್ರ ಜಗಳ ಆಡಿದೆ. ಯಾರಿಗೆ ತೋರಿಸೋಕೆ ಹಿಡ್ಕೊಂಡಿದಾನೆ ಅಂತ ಒಂದು ದಿನ ಕೇಳಲಿಲ್ಲ." ಹುಲ್ಲು ಕೆಳಗೆ ಬಿದ್ದದ್ದೂ ಗೊತ್ತಾಗಲಿಲ್ಲ ಅವರಿಗೆ. ನನ್ನ ಕಡೆ ತಿರುಗಿ, "ನಿನ್ನ ಹೊಸ ಜಾತಿ ಹೋಯ್ತಲ್ಲಮ್ಮ ಮಿರ್ಕಾ. ಬೇಜಾರಾ?"

"ನಿನ್ನೆ ಆಗಿತ್ತು."

"ಲೇಖನ ನೀನೇ ಬರಿ. ನನಗೆ ಮೊದಲು ಓದೋಕೆ ಕೊಡು. ತಪ್ಪು ಹುಡುಕ್ತೀನಿ." ಆಮೇಲೆ ಜೇನಿನ ಡಬ್ಬಿ ತಂದು ಚೀಲಕ್ಕೆ ತುರುಕಿದರು. ನಾನು ಹೊರಟಾಗ ಬೆನ್ನು ತಿರುಗಿಸಿ ನಿಂತಿದ್ದರು.

ಡಿಸೆಂಬರ್ 1

ಅಮ್ಮನಿಗೆ ಹೇಳಿದೆ. ಎಷ್ಟು ಅಂಜುತ್ತ ಹೋಗಿದ್ದೆ!

"ಅಂದ್ರೆ," ಅಂದಳು, "ಕೊನೆಗೆ ಅವಳಿಗೂ ಗಂಡನ ಹೆಸರೇ ಗಟ್ಟಿಯಾಯ್ತು ಅನ್ನು."

"ನಿಯಮ ಅಮ್ಮಾ."

"ನಾನು ನನ್ ಹೆಸರಿಂದ ನಿಮ್ಮಪ್ಪನ ಹೆಸರು ತೆಗೆಸೋಕೆ ಕೋರ್ಟಿಗೆ ಅಲೆದೆ. ಪಾಪ, ಅವಳಿಗೆ ಕೋರ್ಟೂ ಇಲ್ಲ." ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, "ನನಗೆ ತೋರಿಸ್ತೀಯಾ? ಫೋಟೋ ಅಲ್ಲ. ಅವರನ್ನೇ."

ಇಷ್ಟು ವರ್ಷದಲ್ಲಿ ಒಮ್ಮೆಯೂ ಲ್ಯಾಬಿಗೆ ಬಂದವಳಲ್ಲ.

ಡಿಸೆಂಬರ್ 3, ಲ್ಯಾಬ್

ಬಂದಿದ್ದಾಳೆ. ಹಬ್ಬದ ಕೋಟು, ಲಿಪ್‌ಸ್ಟಿಕ್. ಮೊದಲು ಏನೂ ಕಾಣದೆ ಬೈದಳು. ಎತ್ತರ ಸರಿಮಾಡಿಕೊಟ್ಟೆ. ಕೋಟು ಬಿಚ್ಚದೆಯೇ ಬಗ್ಗಿದಳು.

ಕಣ್ಣು ತೆಗೆಯದೆಯೇ, "ಆವತ್ತು ಯಾವ ಕಾಲ ಕಣೇ? ಚಳಿಯಾ?"

"ಬೇಸಗೆ ಶುರು ಇರ್ಬೇಕು. ಪಕ್ಕದಲ್ಲಿ ನಕ್ಷತ್ರದ ಥರ ಇದೆಯಲ್ಲ, ಅದು ಓಕ್ ಮೊಗ್ಗಿನ ರೋಮ. ಚಿಗುರೋವಾಗ ಉದುರತ್ತೆ."

"ಮನುಷ್ಯರು?"

"ಇನ್ನೂ ಇಲ್ಲ."

"ಹೆಸರಿಡೋರೇ ಇರ್ಲಿಲ್ಲ."

"ಇರ್ಲಿಲ್ಲ."

"ಹಾಯಾಗಿದ್ರು."

ರಾದೋಶ್ ಚಹಾ ತಂದಿಟ್ಟು ತುದಿಗಾಲಲ್ಲಿ ಹೋದ. ಚಹಾ ಆರಿತು. ಊಟಕ್ಕೆ ಹೊತ್ತಾಯಿತು ಎಂದೆ. ಸುಮ್ಮನಿರು ಎಂದು ಕೈ ಬೀಸಿದಳು. ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಏನನ್ನಾದರೂ ಇಷ್ಟು ಹೊತ್ತು ನೋಡಿದ್ದನ್ನು ನಾನು—

ಕರೆಯುತ್ತಿದ್ದಾಳೆ. ಆ ಹೆಣ್ಣು ನೊಣದ ಹೊಟ್ಟೆಯ ಕೆಳಗೆ ಏನೋ ಸಣ್ಣದು, ಮೊಟ್ಟೆಯ ಹಾಗಿದೆ, ನೀನು ನೋಡ್ಲೇ ಇಲ್ವಾ ಅನ್ನುತ್ತಿದ್ದಾಳೆ. ಬರೆಯುವುದು ಆಮೇಲೆ—