ಅರ್ಧ ಗಂಟೆಯ ಹಸಿರು

ಕುಶಾಲನಗರ
೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ಪೂಜಿತಾ,

ಹೇಗಿದ್ದೀಯಾ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈದುಕೊಂಡಿರುತ್ತೀಯಾ, ಬೈದುಕೋ. ಕಾಲೇಜಿನ ಲ್ಯಾಬಿನಲ್ಲಿ ನಿನ್ನ ಮೇಜನ್ನು ಯಾರಿಗೂ ಕೊಟ್ಟಿಲ್ಲ. ಟೀ ಲೋಟವೂ ಅಲ್ಲೇ ಇದೆ.

ನಾವಿಬ್ಬರೂ ಮಾಡಿದ, ಹೊಳೆಯ ನೀರು ಅಳೆಯುವ ಎಲೆಕ್ಟ್ರಾನಿಕ್ ಚಿಪ್ಪಿನ ವಿಷಯ ಹೇಳಬೇಕು. ಹೊಳೆ ಏರಿದರೆ ಕಂಬದ ಮೇಲೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು, ಅಷ್ಟೇ ಅದರ ಕೆಲಸ. ಅದನ್ನು ತಯಾರಿಸಲು ಒಪ್ಪಿದ ಕಂಪನಿಯ ಅರ್ಜಿಯಲ್ಲಿ ವರ್ಗ ತುಂಬುವಾಗ ನೀನು ‘ಜೀವರಕ್ಷಣೆ’ ಅಂದೆ. ಅದಕ್ಕೆ ಮೂರು ವರ್ಷದ ಪರೀಕ್ಷೆ, ಕೃಷಿಗೆ ಆರೇ ತಿಂಗಳು. ಬರೀ ಒಂದು ಚೀಟಿ ತಾನೇ ಎಂದು ನಿನ್ನ ಬಾಯಿ ಮುಚ್ಚಿಸಿ ನಾನು ‘ಕೃಷಿ’ಗೆ ಗುರುತು ಹಾಕಿದೆ. ಆಮೇಲೆ ಆ ಚೀಟಿಯೇ ನಮ್ಮನ್ನು ನಡೆಸಿತು. ಕೃಷಿ ಉಪಕರಣಕ್ಕೆ ಅಂಕ ಬರುವುದು ಬ್ಯಾಟರಿ ಬಾಳಿಕೆಗೆ. ನಿಮಿಷಕ್ಕೊಮ್ಮೆ ನೀರು ನೋಡುತ್ತಿದ್ದ ಚಿಪ್ಪನ್ನು ಅರ್ಧ ಗಂಟೆಗೊಮ್ಮೆ ಮಾತ್ರ ಎಚ್ಚರವಾಗುವಂತೆ ಮಾಡಿದೆ. ಗದ್ದೆಗೆ ಅರ್ಧ ಗಂಟೆ ಏನೂ ಅಲ್ಲ. ನೀನು ಲ್ಯಾಬ್ ಬಿಟ್ಟುಹೋದದ್ದು ಆಗಲೇ.

ಜುಲೈನಲ್ಲಿ ನೆಲ್ಯಹುದಿಕೇರಿಯ ರಾಮಮ್ಮ ಹೊಳೆಯ ಪಾಲಾದರು. ಕಂಬ ನೆಡಲು ಜಾಗ ಕೊಟ್ಟು ನಮಗೆ ಅಕ್ಕಿರೊಟ್ಟಿ ತಿನ್ನಿಸಿದ ಅದೇ ರಾಮಮ್ಮ. ಅವರ ಮನೆಯಿಂದ ಬಿದಿರು ಮೆಳೆಯಾಚೆಯ ಹೊಳೆ ಕಾಣುವುದಿಲ್ಲ, ಕಂಬದ ದೀಪವಷ್ಟೇ ಕಾಣುತ್ತದೆ. ಬೆಳಿಗ್ಗೆ ಹಸಿರು ನೋಡಿಕೊಂಡೇ ತಗ್ಗು ದಾಟಿ, ಆಚೆ ದಿಬ್ಬದಲ್ಲಿ ಕಟ್ಟಿದ್ದ ಹಸು ಬಿಚ್ಚಲು ಹೋದರು. ಹೋಗುವಾಗ ಪಾದ ಮುಳುಗುವಷ್ಟಿದ್ದ ನೀರು ಬರುವಾಗ ಎದೆಮಟ್ಟಕ್ಕಿತ್ತು. ದೀಪ ಕೆಂಪಾದದ್ದು ಅದಾದ ಮೇಲೆ. ಹಸು ಈಜಿಕೊಂಡು ದಡ ಸೇರಿತು.

ಕಂಪನಿಯವರು ಪರೀಕ್ಷಿಸಿ ವರದಿ ಕಳಿಸಿದರು. ಚಿಪ್ಪು ತನ್ನ ವರ್ಗದ ನಿಯಮದಂತೆ ಸರಿಯಾಗಿ ಕೆಲಸ ಮಾಡಿದೆಯಂತೆ, ದೋಷವಿಲ್ಲವಂತೆ. ರಾಮಮ್ಮನ ಮಗ ನಂದೀಶ್ ಅದನ್ನು ಓದಿ ಮಡಚಿಟ್ಟ.

“ಹಂಗಾದ್ರೆ ತಪ್ಪು ನಮ್ಮವ್ವಂದಾ, ಮೇಡಂ?” ಎಂದು ಕೇಳಿದ.

ನನಗೆ ನಾಚಿಕೆಯಾಯಿತು ಪೂಜಿತಾ. ಎದ್ದು ಬಂದೆ.

ಆ ಚಿಪ್ಪಿನ ಬಗ್ಗೆ ಪ್ರಕಟವಾದ ನಮ್ಮ ಸಂಶೋಧನಾ ಪ್ರಬಂಧವನ್ನು ವಾಪಸ್ ಪಡೆಯುತ್ತಿದ್ದೇನೆ. ಏಕೆಂದು ಕಂಪನಿಗೂ ನಂದೀಶನಿಗೂ ಬರೆಯುತ್ತೇನೆ. ಪ್ರಬಂಧದಲ್ಲಿ ನಿನ್ನ ಹೆಸರೂ ಇದೆ, ಹಾಗಾಗಿ ನಿನ್ನ ಒಪ್ಪಿಗೆ ಬೇಕು. ಆ ಚಿಪ್ಪನ್ನು ನೀನು ಹೇಳಿದ ಹಾಗೆ ಮತ್ತೆ ಮಾಡು. ಮೂರು ವರ್ಷ ಹಿಡಿದರೆ ಹಿಡಿಯಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಮಗಳೇ.

ನಿನ್ನ ಮೇಡಂ,
ಸೌಮ್ಯ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ತಗ್ಗಿಗೆ ಇಳಿಯುವ ಮೊದಲು ರಾಮಮ್ಮ ನನಗೆ ಫೋನ್ ಮಾಡಿದ್ದರು. “ದೀಪ ಹಸ್ರಾಗೇ ಐತೆ ಮೇಡಮ್ಮೋರೆ, ಹಸ ಬಿಚ್ಕೊಂಡ್ ಬರ್ಲಾ?” ಅಂದರು. ಹಸಿರಿದ್ದರೆ ಭಯವಿಲ್ಲ, ಹೋಗಿ ಬನ್ನಿ ಅಂದೆ. ಆ ಹಸಿರು ಅರ್ಧ ಗಂಟೆ ಹಳೆಯದಿರಬಹುದೆಂದು ಅವರಿಗೆ ನಾನು ಯಾವತ್ತೂ ಹೇಳಿರಲಿಲ್ಲ.