ತಂತಿ ಕಿತ್ತ ಗಂಟೆ

ಪ್ರಯೋಗಾಲಯದ ನಿರ್ದೇಶಕರಿಗೆ ಗೌರವಪೂರ್ವಕ ನಮಸ್ಕಾರಗಳು.

ತಮ್ಮ ಪ್ರಯೋಗಾಲಯದಲ್ಲಿ ಅನಿಲವನ್ನು ಹಿಡಿದಿಡುವ ಪುಡಿಗಳನ್ನು ತಯಾರಿಸುವ ರಸಾಯನ ವಿಜ್ಞಾನಿಯ ತಾಯಿ ನಾನು, ನಿವೃತ್ತ ಶಿಕ್ಷಕಿ. ಒಂದು ಚಮಚ ಪುಡಿಯ ರಂಧ್ರಗಳೊಳಗೆ ಆಟದ ಮೈದಾನದಷ್ಟು ಜಾಗವಿದೆಯೆಂದು ಮಗಳು ಹೇಳಿದಾಗ ಹೆಮ್ಮೆಪಟ್ಟಿದ್ದೆ. ಅದರಲ್ಲಿ ಈಗ ವಾಸನೆಯೇ ಇಲ್ಲದ ವಿಷಾನಿಲವನ್ನು ತುಂಬುತ್ತಿದ್ದಾಳೆಂಬುದು ನಿನ್ನೆಯಷ್ಟೇ ತಿಳಿಯಿತು.

ನಿನ್ನೆ ಸಂಜೆ ಅವಳು ಕೆಲಸದಿಂದ ಬಂದು ಮನೆಯ ಮೆಟ್ಟಿಲ ಮೇಲೆ ಕುಳಿತು, ಬೂಟಿನ ಲೇಸನ್ನು ಬಿಚ್ಚಲಾಗದೆ ನಕ್ಕಳು. ನಾನೇ ಬಿಚ್ಚಿದೆ. ಪುಡಿಯನ್ನು ಬಿಸಿಮಾಡಿ ಅನಿಲ ಹೊರಬಿಟ್ಟಾಗಲೆಲ್ಲ ಪ್ರಯೋಗದ ಕೋಣೆಯ ಎಚ್ಚರಿಕೆಯ ಗಂಟೆ ಕೂಗುತ್ತದೆಂದು ಅದರ ತಂತಿಯನ್ನೇ ಕಿತ್ತಿದ್ದಾಳಂತೆ. ಗದರಿದೆ.

"ಅದೇನು ನಿಮ್ಮ ಸ್ಕೂಲ್ ಗಂಟೆನಾ ಅಮ್ಮಾ, ಹೊಡೆದಾಗೆಲ್ಲ ಎದ್ದು ಓಡೋಕೆ? ಸುಮ್ನಿರು, ತಲೆ ಸಿಡೀತಿದೆ" ಎಂದಳು. ವೈದ್ಯರ ಬಳಿಗೆ ಬರಲೂ ಒಪ್ಪಲಿಲ್ಲ.

ದಯವಿಟ್ಟು ಆ ಗಂಟೆಯನ್ನು ಇಂದೇ ಸರಿಪಡಿಸಿ. ಇನ್ನೊಬ್ಬರು ಜೊತೆಗಿಲ್ಲದೆ ಅವಳನ್ನು ಆ ಕೋಣೆಗೆ ಬಿಡಬೇಡಿ.

ಮೂವತ್ತೊಂದು ವರ್ಷ ಪಾಠ ಹೇಳಿದರೂ ಯಾವ ಮಗುವಿನ ಚೀಲಕ್ಕೂ ಕೇಳದೆ ಕೈ ಹಾಕಿದವಳಲ್ಲ ನಾನು. ಇಂದು ಬೆಳಿಗ್ಗೆ ಮಗಳ ಚೀಲದಿಂದ ತೆಗೆದ ಆ ಕೋಣೆಯ ಬೀಗದ ಕೈಯನ್ನು ಈ ಲಕೋಟೆಯಲ್ಲಿಟ್ಟು, ಪಕ್ಕದ ಮನೆಯವರ ಮೂಲಕ ಕಳುಹಿಸುತ್ತಿದ್ದೇನೆ. ಅವಳು ಮನೆಯೊಳಗೆ ಅದನ್ನೇ ಹುಡುಕುತ್ತಿದ್ದಾಳೆ.

ತಮ್ಮನ್ನೇ ನಂಬಿರುವ,
ಅವಳ ತಾಯಿ