ಕಿಟ್ಟನ ಪಾಲಿನ ಏಳು ಕಾಳು

ಆಗಸ್ಟ್ 19, ಸಂಜೆ
ಅಂಗನವಾಡಿ ಬೀಗ ಹಾಕಿ ಬಂದೆ. ಸೊಪ್ಪಿನ ಸಾರು, ಉಪ್ಪಿನಕಾಯಿ. ಮೀನು ತರದೆ ಆರು ದಿನ. ವಾಸನೆ ಬಂದರೆ ಸಾಕು, ಇವರು ಎದ್ದು ಹೊರಗೆ ಹೋಗುತ್ತಾರೆ. ಅತ್ತೆಗೆ ಅದು ಅರ್ಥವಾಗುವುದಿಲ್ಲ — ಗಂಗೊಳ್ಳಿಯಲ್ಲಿ ಹುಟ್ಟಿದವರಿಗೆ ಮೀನಿಲ್ಲದ ಊಟ ಶಿಕ್ಷೆಯೇ.
13ರ ಬೆಳಿಗ್ಗೆ ಅಳಿವೆ ದಾಟುವಾಗ ದೋಣಿ ಮಗುಚಿತು. ಇದ್ದವರು ಇಬ್ಬರೇ. ಇವರು, ಪಕ್ಕದ ಮನೆಯ ಕಿಟ್ಟ. ಖಾಲಿ ಕ್ಯಾನ್ ಹಿಡಿದು ತೇಲುತ್ತಿದ್ದ ಇವರನ್ನು ಇನ್ನೊಂದು ದೋಣಿಯವರು ಎಳೆದುಕೊಂಡರು. ಕಿಟ್ಟನ ದೇಹ ಮೂರನೇ ದಿನ ಮರವಂತೆಯಲ್ಲಿ ಸಿಕ್ಕಿತು.
ಕಿಟ್ಟನ ಹೆಂಡತಿ ರತ್ನಳ ಮನೆ ಬಾಗಿಲು ಮುಚ್ಚಿದೆ. ನಮ್ಮ ಬಾಗಿಲಿನಿಂದ ಹದಿನೈದು ಹೆಜ್ಜೆ. ನನಗೆ ಹೋಗಲಾಗುತ್ತಿಲ್ಲ.

ಆಗಸ್ಟ್ 24, ಭಾನುವಾರ
ಪೂಜೆ ಮುಗಿದ ಮೇಲೆ ಫಾದರ್ ಕರೆದರು. "ಸೆವ್ರಿನ್ ಬಾಯಿ, ದೇವರು ನಿಮ್ಮ ಗಂಡನನ್ನು ಸಮುದ್ರದಿಂದ ಎತ್ತಿ ಕೊಟ್ಟರು. ತೆನೆ ಹಬ್ಬದ ದಿನ ಕೃತಜ್ಞತೆಯ ಸ್ತೋತ್ರದ ಪೂಜೆ ಇಡುವ."
"ಆಯ್ತು ಫಾದರ್" ಎಂದೆ.
ಬರೆದೇ ಬಿಡುತ್ತೇನೆ. ಸುದ್ದಿ ಬಂದಾಗ ಜಪಮಾಲೆ ಹಿಡಿದು ಕೂತೆ. ಎರಡು ಗಂಟೆ. ಅಷ್ಟೂ ಹೊತ್ತು ಹೇಳಿದ್ದು ಇವರ ಹೆಸರೇ: ಸಿಪ್ರಿಯನ್, ಸಿಪ್ರಿಯನ್, ಸಿಪ್ರಿಯನ್. ಕಿಟ್ಟನ ಹೆಸರು ಒಂದು ಸಲವೂ ಬಾಯಿಗೆ ಬರಲಿಲ್ಲ. ಹನ್ನೊಂದು ವರ್ಷ ಹಬ್ಬದೂಟ ನಮ್ಮ ಮನೆಯಲ್ಲೇ ಉಂಡವನು... ಹೇಗೆ ಮರೆತೆ? ನಾನು ಕೇಳಿದ್ದನ್ನೇ ದೇವರು ಕೊಟ್ಟನೇ? ಅಷ್ಟೇ ಕೊಟ್ಟನೇ?

ಆಗಸ್ಟ್ 30
ಇಗರ್ಜಿಯಲ್ಲಿ ತೆನೆ ಹಬ್ಬದ ಒಂಬತ್ತು ದಿನದ ಪ್ರಾರ್ಥನೆ ಶುರು. ಮಕ್ಕಳು ಮಾತೆಗೆ ಹೂ ಹಾಕಿದರು. ಇವರು ಬರಲಿಲ್ಲ. ನಾನು ಹಿಂದಿನ ಬೆಂಚು.

ಸೆಪ್ಟೆಂಬರ್ 7, ಸಂಜೆ
ರತ್ನ ಬಂದಳು. ತಾನಾಗಿಯೇ. ಕೈಯಲ್ಲಿ ಭತ್ತದ ತೆನೆಯ ಕಟ್ಟು. ಪ್ರತಿ ವರ್ಷ ಇಗರ್ಜಿಗೆ ತೆನೆ ಹೋಗುವುದು ಕಿಟ್ಟನ ಗದ್ದೆಯಿಂದಲೇ.
"ಅವ್ರ್ ನೆಟ್ಟದ್ದ್, ಬಾಯಮ್ಮ. ನಮ್ಗೆ ಈ ವರ್ಷ ಹೊಸ್ತ್ ಇಲ್ಲೆ. ನಿಮ್ದ್ ತಪ್ಪುಕಾಗ."
ಸಾವಾದ ಮನೆಯಲ್ಲಿ ಹೊಸ ಅಕ್ಕಿಯ ಊಟವಿಲ್ಲ. ಆದರೂ ನಮ್ಮ ಹಬ್ಬ ತಪ್ಪಬಾರದೆಂದು ಕೊಯ್ದು ತಂದಿದ್ದಾಳೆ. ಕೂರು ಎನ್ನುವಷ್ಟರಲ್ಲಿ ಹೋದಳು. ಅಂಗಳದಲ್ಲಿ ಕೂತಿದ್ದ ಇವರು ತಲೆ ಎತ್ತಲಿಲ್ಲ.

ಸೆಪ್ಟೆಂಬರ್ 8, ಮಧ್ಯಾಹ್ನ
ಪೂಜೆಯಲ್ಲಿ ಫಾದರ್ ಇವರ ಹೆಸರು ಹೇಳಿದರು. ಪಕ್ಕದ ಜಾಗ ಖಾಲಿ. ನನ್ನ ತುಟಿ ಆಡಿತು, ಅಷ್ಟೇ.
ಮನೆಗೆ ಬಂದು, ಆಶೀರ್ವಾದದ ತೆನೆ ಸುಲಿದೆ. ಅತ್ತೆ ಕಲಿಸಿದ ಹಾಗೆ ತಲೆಗೆ ಏಳು ಕಾಳು, ತೆಂಗಿನ ಹಾಲು, ಬೆಲ್ಲ. ಬಟ್ಟಲು ಇಟ್ಟ ಮೇಲೆ ನೋಡುತ್ತೇನೆ — ಐದು. ಅತ್ತೆ, ಇವರು, ನಾನು, ರತ್ನ... ಕಿಟ್ಟ. ಕೈಗೆ ಗೊತ್ತಿಲ್ಲ ಅವನಿಲ್ಲವೆಂದು.
ಎರಡು ಬಟ್ಟಲು ಹಿಡಿದು ಆ ಹದಿನೈದು ಹೆಜ್ಜೆ ನಡೆದೆ. ಬಾಗಿಲಲ್ಲೇ ಎಲ್ಲ ಹೇಳಿದೆ. ಜಪಮಾಲೆ, ಒಂದೇ ಹೆಸರು, ಎಲ್ಲ. ಬೈಯಲಿ ಎಂದೇ ಕಾದೆ.
ರತ್ನ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾನೂ ಅವ್ರ್ ಹೆಸ್ರ್ ಒಂದೇ ಹೇಳಿದ್ದ್, ಬಾಯಮ್ಮ. ನಿಮ್ಮವ್ರ್ ನೆನ್ಪೇ ಆಯ್ಲಿಲ್ಲ."
ಇಬ್ಬರೂ ಹೊಸ್ತಿಲಲ್ಲಿ ಕೂತು ಅತ್ತೆವು. ಆಮೇಲೆ ಅವಳು ತನ್ನ ಬಟ್ಟಲು ಎತ್ತಿ ತಿಂದಳು. ಇನ್ನೊಂದನ್ನು ನನ್ನ ಕೈಗೇ ಕೊಟ್ಟಳು.
"ಅವ್ರ್ ಪಾಲ್ ನಿಮ್ಮ್ ಪರ್ಬುಗಳಿಗ್ ಕೊಡಿ. ಬದ್ಕಿ ಬಂದವ್ರ್ ತಿನ್ಕ್."

ಅದೇ ದಿನ, ನಾಲ್ಕು ಗಂಟೆ
ರತ್ನ ಹೇಳಿದ್ದನ್ನು ಹೇಳಿ ಬಟ್ಟಲು ಇವರ ಕೈಗಿಟ್ಟೆ. ತುಂಬ ಹೊತ್ತು ನೋಡಿದರು. ಒಂದೊಂದೇ ಕಾಳು ಬಾಯಿಗೆ ಹಾಕಿ ಅಗಿದರು. ಏಳೂ. ಅಳುತ್ತಲೇ. ಎದ್ದು ಶಿಲುಬೆಯ ಎದುರು ಮೊಣಕಾಲೂರಿದರು — ಇಪ್ಪತ್ತಾರು ದಿನದ ಮೇಲೆ. ನಾನೂ ಪಕ್ಕದಲ್ಲಿ ಊರಿದೆ.
ಸಂತೋಷವಾಯಿತು. ಬರೆಯಲು ನಾಚಿಕೆ, ಆದರೆ ಆಯಿತು. ದುಃಖ ಎಲ್ಲಿತ್ತೋ ಅಲ್ಲೇ ಇದೆ.
ಇವರು ಶುರು ಮಾಡಿದರು: "ಸ್ವಾಮಿ, ನನ್ನನ್ನು ಎತ್ತಿದ್ದಕ್ಕೆ ಸ್ತೋತ್ರ. ಕಿಟ್ಟನನ್ನು..." ಮುಂದೆ ಸ್ವರ ಬರಲಿಲ್ಲ. ಉಳಿದದ್ದು ನಾನು ಹೇಳಿದೆ. ಈ ಸಲ ಹೆಸರು ಬಿಡಲಿಲ್ಲ. ಕಿಟ್ಟ, ರತ್ನ, ಸಿಪ್ರಿಯನ್, ಕಿಟ್ಟ...